ಕಾಯಂ ವಿಳಾಸ

ದಾವಣಗೆರೆ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತು
ಮೂವತ್ತೊಂದು ವರ್ಷ.
ಪಾಲುಪಟ್ಟಿ, ಚೆಕ್ ಬೌನ್ಸು, ಜೀವನಾಂಶ, ಹೆಸರು ತಿದ್ದುಪಡಿ,
ಕಕ್ಷಿದಾರ ಬಾಯಿ ತೆರೆಯುವ ಮೊದಲೇ
ನನ್ನ ಬೆರಳು ಅರ್ಧ ಪುಟ ದಾಟಿರುತ್ತದೆ.

ಸೋಮವಾರ ಆ ಬೆರಳು ನಿಂತಿತು.

ಅನಸೂಯಾ ಬಣಕಾರ ವಕೀಲರು ಕರೆತಂದ ಹುಡುಗಿ,
ಹದಡಿ ರಸ್ತೆಯ ಹಾಸ್ಟೆಲಿನವಳು, ಫಾರ್ಮಸಿ ಕೊನೇ ವರ್ಷ.
ಊರು ಸುಡಾನಿನ ಪಡುವಣ ತುದಿಯಂತೆ.
ಕೈಯಲ್ಲಿ ಮುದ್ದತ್ತು ಮುಗಿದ ಪಾಸ್‌ಪೋರ್ಟು,
ಜೊತೆಗೆ ಒಂದು ನೋಟೀಸು:
ಹದಿನಾಲ್ಕು ದಿನದೊಳಗೆ ದೇಶ ಬಿಡತಕ್ಕದ್ದು.
ಬಿಟ್ಟು ಯಾವ ದೇಶಕ್ಕೆ ಹೋಗತಕ್ಕದ್ದು ಎಂದು
ಅದರಲ್ಲಿ ಬರೆದಿರಲಿಲ್ಲ.

ಹೊಡೆಯುತ್ತ ಗಟ್ಟಿಯಾಗಿ ಓದುವುದು ನನ್ನ ಚಟ:
"ಕಲ್ತೂಮಾ ಬಿನ್ ಅಬಕರ್..."
"ಬಿನ್ ಅಲ್ಲ ಅಂಕಲ್, ಬಿಂತ್. ನಾನು ಮಗಳು."
ಮೂವತ್ತೊಂದು ವರ್ಷ ಎಷ್ಟು ಹೆಣ್ಣುಮಕ್ಕಳನ್ನು
ಗಂಡು ಮಾಡಿ ಒಳಗೆ ಕಳಿಸಿದ್ದೇನೋ,
ಯಾವ ನ್ಯಾಯಾಧೀಶರೂ ಹಿಡಿದಿರಲಿಲ್ಲ.

"ಕೋರಿಕೆ ಏನಂತ ಹಾಕಲಿ?"
"ಆಶ್ರಯ."
ಪಕ್ಕದ ಮೇಜಿನ ರುದ್ರಮುನಿ ತಲೆ ಎತ್ತಿದ:
"ಆಶ್ರಯ ಮನೀಗೆ ರೇಷನ್ ಕಾರ್ಡ್ ಕೇಳ್ತಾರ್ರೀ. ಐತೇನು?"
ಹುಡುಗಿಗೆ ತಿಳಿಯಲಿಲ್ಲ. ವಕೀಲರು ನಗಲಿಲ್ಲ.

"ಸೆಕ್ಷನ್ನು?"
"ಇಲ್ಲ ಹೊನ್ನೂರಪ್ಪ. ಇದಕ್ಕಂತ ನಮ್ಮಲ್ಲಿ ಕಾಯ್ದೆನೇ ಇಲ್ಲ.
ಇಪ್ಪತ್ತೊಂದನೇ ವಿಧಿ ಐತೆ, ಬದುಕೋ ಹಕ್ಕು,
ಪರದೇಶಿಗೂ ಸಲ್ಲುತ್ತೆ. ಅದೊಂದೇ ಹಗ್ಗ.
ಎಸ್ಪಿ ಆಫೀಸಿಗೆ ಕನ್ನಡದ್ದು, ದೆಹಲಿಗೆ ಇಂಗ್ಲಿಷಿನದು,
ಎರಡೂ ಕಡೆ ಆಗದಿದ್ರೆ ಹೈಕೋರ್ಟು."
ಮರುದಿನ ಅವರಿಗೇ ಎರಡು ಚೆಕ್ ಕೇಸಿದ್ದವು.
ರಾತ್ರಿಯೆಲ್ಲ ಮೊಬೈಲಿನಲ್ಲಿ ಹಳೇ ತೀರ್ಪು ಓದಿ
ಕಣ್ಣು ಕೆಂಪಗಿದ್ದವು.

ಅವಳು ಹೇಳುತ್ತ ಹೋದಳು. ಮೆಸ್ಸಿನಲ್ಲಿ ಕಲಿತ ಕನ್ನಡ,
ಸಾಲದ ಕಡೆ ಇಂಗ್ಲಿಷು, ಅದೂ ಸಾಲದ ಕಡೆ ಕೈ.
ಅಪ್ಪನದು ಜೋಳದ ಮಂಡಿ.
"ಬಿಳೀದೋ, ಹೈಬ್ರಿಡ್ಡೋ?" ಬಾಯಿ ತಪ್ಪಿ ಕೇಳಿಬಿಟ್ಟೆ.
"ಕೆಂಪು," ಅಂದಳು, ಮೊದಲ ಸಲ ನನ್ನ ಮುಖ ನೋಡಿ.
ಆಮೇಲಿನದನ್ನು ನಾನು ಗಟ್ಟಿಯಾಗಿ ಓದಲಿಲ್ಲ.
ಪ್ಯಾರಾ ನಾಲ್ಕು. ಪ್ಯಾರಾ ಐದು.
ಐದರಲ್ಲಿ ಅಣ್ಣನ ಹೆಸರಿದೆ, ಅಷ್ಟು ಹೇಳಬಲ್ಲೆ.

ಬಿಟ್ಟು ಬಂದಿದ್ದ ಒಂದು ಖಾನೆ ಉಳಿದಿತ್ತು: ಕಾಯಂ ವಿಳಾಸ.
"ಕಾಯಂ?"
ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ
ತನ್ನ ಓಣಿಯವರ ದನಿ ಕೇಳಿದವಳಂತೆ ತಿರುಗಿದಳು.
"ನಮ್ಮಲ್ಲೂ ಇದೆ ಈ ಮಾತು. ಕಾಯಿಮ್.
ಅಂದರೆ ನಿಂತಿರೋದು. ಎದ್ದು ನಿಂತಿರೋದು."
ಸ್ವಲ್ಪ ಹೊತ್ತು ಬಿಟ್ಟು,
"ಆ ಮನೆ ನಿಂತಿಲ್ಲ."

ವಕೀಲರು ಪೆನ್ನಿನ ಕ್ಯಾಪು ಕಚ್ಚಿದರು.
ಖಾಲಿ ಬಿಟ್ಟರೆ ಗುಮಾಸ್ತ ವಾಪಸು ಎಸೆಯುತ್ತಾನೆ,
ಹಾಸ್ಟೆಲು ಹಾಕಿದರೆ ವಾರ್ಡನ್ ಒಪ್ಪುವುದಿಲ್ಲ.
ಬೀದಿ ಹೇಳಿಸಿ, ನಂಬರು ಹೇಳಿಸಿ,
ನಿಂತಿಲ್ಲದ್ದನ್ನೇ ಅಕ್ಷರ ಅಕ್ಷರ ನಿಲ್ಲಿಸಿದೆ.
"ಬಾಗಿಲು ಹಸಿರು," ಅಂದಳು.
ಅದಕ್ಕೆ ಖಾನೆಯಿಲ್ಲ.

ಒಂಬತ್ತು ಪುಟ, ಪುಟಕ್ಕೆ ಮೂವತ್ತು. ತೆಗೆದುಕೊಂಡೆ, ಸುಳ್ಳೇಕೆ.

ನೋಟರಿ ಸೀಲು ಒಣಗುವ ತನಕ
ಖಾರ ಮಂಡಕ್ಕಿ ತರಿಸಿ
ಕೆಟ್ಟ ಪ್ರಿಂಟಿನ ಹಾಳೆಯ ಮೇಲೆ ಸುರಿದೆ.
ರುದ್ರಮುನಿಯೂ ಕೈ ಹಾಕಿದ.
ಅಡಿಯಲ್ಲಿ ಯಾರದೋ ಕಾಯಂ ವಿಳಾಸ
ಎಣ್ಣೆ ಹೀರುತ್ತಿತ್ತು.
ಮಂಡಕ್ಕಿ ಸರಿಸಿ ಬೆರಳಿಟ್ಟು
ಕಲ್ತೂಮಾ ಕೂಡಿಸಿ ಕೂಡಿಸಿ ಓದುತ್ತಿದ್ದಳು:
ನಿ... ಟ್ಟು... ವ...